ಹದಿಮೂರು ದಿನದ ಹೆಸರು

ಅಜ್ಜಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಸಿರುಗುಪ್ಪದ ಬಸ್ ನಿಲ್ದಾಣದ ಎದುರು ಅವಳ ಫ್ಲೆಕ್ಸ್ ಎದ್ದು ನಿಂತಿತ್ತು. ಹತ್ತು ಅಡಿ ಎತ್ತರ. ಬಿಳಿ ಸೀರೆ, ಮಣಿಕಟ್ಟಿನವರೆಗೆ ಮುಚ್ಚಿದ ರವಿಕೆ, ದಪ್ಪ ಕನ್ನಡಕ, ಯಾರನ್ನೋ ಗದರಿಸಲು ಆಗಷ್ಟೇ ಬಾಯಿ ತೆರೆದ ಮುಖ. ಫೋಟೋ ಚೆನ್ನಾಗಿಯೇ ಇತ್ತು. ಅದರ ಕೆಳಗೆ ‘ಊರಿನ ಸಾವಿರಾರು ಕೂಸುಗಳನ್ನು ಎತ್ತಿಕೊಂಡ ಮಹಾತಾಯಿ’ ಎಂದಿತ್ತು. ಅದೂ ಸರಿ. ಅದರ ಕೆಳಗೆ, ಎಲ್ಲಕ್ಕಿಂತ ದಪ್ಪ ಕೆಂಪು ಅಕ್ಷರದಲ್ಲಿ, ಊರು ಅವಳಿಗೆ ಇಟ್ಟಿದ್ದ ಅಡ್ಡಹೆಸರು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಜರ್ಮನಿಯನ್ನು ಆಳಿದ ಆ ತುಂಡು ಮೀಸೆಯವನ ಹೆಸರು ಅದು. ಅದಕ್ಕೊಂದು ‘ಅಮ್ಮ’ ಅಂಟಿಸಿದ್ದರು. ನಮ್ಮ ಕಡೆ ಬೆತ್ತ ಹಿಡಿದ ಹೆಡ್‌ಮಾಸ್ತರಿಗೆ, ಚಿಲ್ಲರೆ ಇಲ್ಲದವರನ್ನು ಕೆಳಗಿಳಿಸುವ ಕಂಡಕ್ಟರಿಗೆ, ಸೊಸೆಯ ಸಾರಿನಲ್ಲಿ ಉಪ್ಪು ಹುಡುಕುವ ಅತ್ತೆಗೆ, ಎಲ್ಲರಿಗೂ ಆ ಒಂದೇ ಹೆಸರು. ಕರೆಯುವವರು ನಗುತ್ತಾರೆ, ಕರೆಸಿಕೊಂಡವರು ಒಳಗೊಳಗೇ ಹಿಗ್ಗುತ್ತಾರೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನ ಔಷಧಿ ಅಂಗಡಿಯಿದೆ. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಪುಸ್ತಕ ಮಾರುವವನೊಬ್ಬ ಅವನ ಚಿತ್ರವಿರುವ ಪುಸ್ತಕವನ್ನು ‘ಜೀವನದಲ್ಲಿ ಗೆಲ್ಲುವುದು ಹೇಗೆ’ ಎಂಬಂಥ ಪುಸ್ತಕಗಳ ಪಕ್ಕ ಜೋಡಿಸಿರುತ್ತಾನೆ. ದಿನವೂ ಅದರ ಮುಂದೆ ಹಾದುಹೋಗುತ್ತೇನೆ, ದಿನವೂ ಮೈ ಉರಿಯುತ್ತದೆ.

ನನ್ನ ಅಜ್ಜಿ, ಅಂದರೆ ನನ್ನ ತಾಯಿಯ ತಾಯಿ, ಯಹೂದಿ ಮನೆಯ ಹೆಣ್ಣುಮಗಳು. ಹುಟ್ಟಿದ್ದು ಹಂಗೇರಿಯ ಒಂದು ಸಣ್ಣ ಊರಿನಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಅವನ ಸಾವಿನ ಶಿಬಿರಕ್ಕೆ ಹೋಗಿ ಜೀವಂತವಾಗಿ ಹೊರಗೆ ಬಂದವಳು. ಆ ಮನೆಯಲ್ಲಿ ಉಳಿದದ್ದು ಅವಳೊಬ್ಬಳೇ. ಸಿರುಗುಪ್ಪಕ್ಕೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಕ್ಷಮೆ ಇದೆ ಎನ್ನುತ್ತಾರೆ. ಇರಬಹುದು. ಆ ದಿನ ನನ್ನ ಹತ್ತಿರ ಇರಲಿಲ್ಲ.

ಫ್ಲೆಕ್ಸಿನ ಮೂಲೆಯಲ್ಲಿ ದುಂಡಗಿನ ಚೌಕಟ್ಟಿನೊಳಗೆ ಕೈಮುಗಿದು ನಿಂತಿದ್ದವರು ಊರಿನ ಅಕ್ಕಿ ಗಿರಣಿಯ ಸಾವ್ಕಾರರು. ನೆಟ್ಟಗೆ ಅವರ ಗಿರಣಿಗೆ ಹೋದೆ. ಒಳ್ಳೆಯ ಮನುಷ್ಯ. ನನ್ನನ್ನು ಕಂಡವರೇ ಎದ್ದು ನಿಂತರು, ಫ್ಯಾನು ನನ್ನ ಕಡೆ ತಿರುಗಿಸಿದರು, ಚಹಾ ತರಿಸಿದರು. ನನ್ನ ಬಾಯಿಯಿಂದ ಮಾತು ಹೊರಡುವ ಮೊದಲೇ ಕಣ್ಣು ಒರೆಸಿಕೊಂಡರು.

“ನಿಮ್ಮಜ್ಜಿ ಇರದಿದ್ರ ನಾ ಇರ್ತಿದ್ದಿಲ್ರಿ ಮೇಡಂ. ನಾ ಕಾಲು ಮುಂದ ಮಾಡಿ ಬಂದಿದ್ನಂತ. ಬಳ್ಳಾರಿಗಿ ಒಯ್ಯಾಕ ಟೈಮಿದ್ದಿಲ್ಲ. ದೊರಸಾನಮ್ಮ ಒಬ್ಬಾಕಿನ ನಿಂತು ಎಳದಾಳ.”

ಆ ಹೆಸರನ್ನು ಅಳಿಸಿ ಎಂದೆ. ಅವರಿಗೆ ಅರ್ಥವಾಗಲಿಲ್ಲ.

“ಅಯ್ಯ, ಅದು ಬೈಗಳಲ್ರಿ. ಪ್ರೀತಿಲೆ ಇಟ್ಟ ಹೆಸರು. ನಮ್ಮೂರಾಗ ಆ ಹೆಸರಂದ್ರ ಮರ್ಯಾದಿ. ಫ್ಲೆಕ್ಸೇನ್ರಿ, ನಾಕು ದಿನಕ್ಕ ಗಾಳಿಗಿ ಹರದು ಹೋಗತೈತಿ. ಕಲ್ಲಿನ್ಯಾಗ ಕೆತ್ತಸಾಕ ಕೊಟ್ಟೀನಿ. ಕುರುಗೋಡದಾಗ ಅಜ್ಜಾರ ಬಾಜು ಮಣ್ಣ ಮಾಡೀರಲ್ಲ, ಅಲ್ಲಿ ನಿಲ್ಲಸೋಣ. ನಿಮ್ಮ ಮಾವನ್ನ ಕೇಳೀನಿ, ಆತು ಅಂದಾರ.”

ಚಹಾ ಅಲ್ಲೇ ಬಿಟ್ಟು ಎದ್ದೆ. ಕಾರಣ ಹೇಳಿದ್ದರೆ ಆ ಮನುಷ್ಯ ಅಂದೇ ಕೆತ್ತನೆ ನಿಲ್ಲಿಸಿಬಿಡುತ್ತಿದ್ದರೋ ಏನೋ. ಆದರೆ ಕಾರಣ ಹೇಳುವಂತಿರಲಿಲ್ಲ. ನಾನು ಅಜ್ಜಿಗೆ ಆಣೆ ಮಾಡಿದ್ದೆ.

ಅಜ್ಜಿ ಇಲ್ಲಿಗೆ ಬಂದ ಕತೆಯನ್ನು ಅಜ್ಜ ಎಲ್ಲರಿಗೂ ತಮಾಷೆಯಾಗಿ ಹೇಳುತ್ತಿದ್ದರು. ಕುರುಗೋಡಿನ ಅಜ್ಜ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಅಜ್ಜಿ ನರ್ಸು. ಯುದ್ಧ ಮುಗಿದ ಮೇಲೆ ಅನಾಥ ಮಕ್ಕಳ ಜೊತೆ ಅವಳನ್ನು ಅಲ್ಲಿಗೆ ಕಳಿಸಿದ್ದರು. ಮದುವೆಯಾಗುತ್ತೀಯಾ ಎಂದು ಅಜ್ಜ ಕೇಳಿದಾಗ ಅವಳು ಊರು ಕೇಳಲಿಲ್ಲ, ಆಸ್ತಿ ಕೇಳಲಿಲ್ಲ. “ನಿಮ್ಮ ಕಡೆ ಸತ್ತವರನ್ನು ಏನು ಮಾಡುತ್ತೀರಿ?” ಎಂದು ಕೇಳಿದಳಂತೆ. “ನಾವು ಲಿಂಗಾಯತರು, ಹೂಳುತ್ತೇವೆ” ಎಂದರಂತೆ ಅಜ್ಜ. “ಸುಡುವುದಿಲ್ಲ ತಾನೇ?” “ಇಲ್ಲ.” “ಹಾಗಾದರೆ ಬರುತ್ತೇನೆ.” ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಂಡನ ಮನೆಯಲ್ಲಿ ಅನ್ನಕ್ಕಿಂತ ಮೊದಲು ಕುಣಿ ನೋಡಿದ ಸೊಸೆ ಎಂದು ಕುರುಗೋಡಿನ ಮುದುಕಿಯರು ಆಡಿಕೊಳ್ಳುತ್ತಿದ್ದರು. ಅಜ್ಜಿಯೂ ನಗುತ್ತಿದ್ದಳು. ನಾನೂ ಎಷ್ಟೋ ವರ್ಷ ನಕ್ಕಿದ್ದೇನೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಗಂಡ ಹೆಂಡತಿ ಸಿರುಗುಪ್ಪದಲ್ಲಿ ಹತ್ತು ಮಂಚದ ಆಸ್ಪತ್ರೆ ತೆರೆದರು. ಹೆಸರಿಗೆ ಅಜ್ಜನದು, ನಡೆಸಿದ್ದು ಅಜ್ಜಿ. ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎನ್ನುತ್ತಾರಲ್ಲ, ಅಂಥ ಊರಿನಲ್ಲಿ ಅವಳು ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಬಿಟ್ಟು ಬೇರೆ ತೊಟ್ಟವಳಲ್ಲ. ದೊರಸಾನಮ್ಮ ಅಂದರೆ ಹಾಗೇ, ಶಿಸ್ತು ಎಂದುಕೊಂಡಿತು ಊರು. ಇಂಗ್ಲೆಂಡಿನಿಂದ ಬಂದವಳು ಇಂಗ್ಲಿಷಿನವಳೇ, ಬಿಳಿಯಳು ಅಂದಮೇಲೆ ಕ್ರೈಸ್ತಳೇ ಎಂದೂ ತೀರ್ಮಾನಿಸಿತು. ಯಹೂದಿ ಎಂಬುದೊಂದಿದೆ ಎಂದು ಯಾರಿಗೆ ಗೊತ್ತಿತ್ತು? ಡಿಸೆಂಬರಿನಲ್ಲಿ ಮನೆಗೆ ಕೇಕು ಬರುತ್ತಿತ್ತು. ಅವಳು ಸುಮ್ಮನೆ ಹಂಚಿಬಿಡುತ್ತಿದ್ದಳು.

ಅವಳ ಕಾಯಿದೆಗಳು ಮೂರು. ಒಳಗೆ ಬರುವವರು ಮೊಳಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳಬೇಕು, ಊರಿನ ಗೌಡನಾದರೂ ಸರಿ. ರೋಗಿಯನ್ನು ಮಂಚದ ನಂಬರಿನಿಂದ ಕರೆಯುವಂತಿಲ್ಲ. ‘ಐದನೇ ನಂಬರಿಗಿ ಗುಳಿಗಿ ಕೊಡು’ ಎಂದ ಕಂಪೌಂಡರನೊಬ್ಬ ಅಂದೇ ಮನೆಗೆ ಹೋದ, ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಕೂಸು ಹುಟ್ಟಿದ ಗಳಿಗೆಯಲ್ಲಿಯೇ ಅದಕ್ಕೊಂದು ಹೆಸರು ಬೇಕು. ನಮ್ಮಲ್ಲಿ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಪದ್ಧತಿ. ಅಲ್ಲಿಯವರೆಗೆ ಅದು ಬರೀ ಕೂಸು. ಅಜ್ಜಿಗೆ ಅದು ಆಗುತ್ತಿರಲಿಲ್ಲ. “ಹೆಸರ ಹೇಳು ಮೊದಲು! ಹೆಸರಿಲ್ದ ನನ್ನ ಕೈಯಾಗಿಂದ ಒಂದೂ ಹೋಗಂಗಿಲ್ಲ” ಎಂದು ಬಾಣಂತಿಯ ತಲೆಯ ಮೇಲೆ ನಿಲ್ಲುತ್ತಿದ್ದಳು. ಬಾಣಂತಿಯ ಅವ್ವ “ಇನ್ನಾ ಅಯ್ಯನೋರ ಕಡಿಂದ ಹೊತ್ತಗಿ ನೋಡಸಬೇಕ್ರಿ” ಎಂದು ಗೋಳಾಡಿದರೆ, ತಾನೇ ಏನೋ ಒಂದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಹೋಗುತ್ತಿದ್ದಳು. ಇಂಥವಳಿಗೆ ಊರು ಇನ್ನೇನು ಹೆಸರಿಟ್ಟೀತು? ಇಟ್ಟಿತು. ಜೋರು ಎಲ್ಲ ದೊಡ್ಡವರ ಮೇಲೆ. ವಾರ್ಡಿನಲ್ಲಿ ಮಕ್ಕಳು ಎಷ್ಟು ಅತ್ತರೂ ಸುಮ್ಮನಿರು ಅಂದವಳಲ್ಲ. ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ನನಗೆ ಗೊತ್ತಾದದ್ದು ಹದಿನೇಳನೆಯ ವಯಸ್ಸಿನಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದು ಅಜ್ಜಿಯ ಬಲಗೈ ಮುರಿದಿತ್ತು. ಸ್ನಾನ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎಡಗೈಯ ರವಿಕೆ ತೋಳು ಬಿಚ್ಚಿದಾಗ ಮುಂಗೈಯ ಹೊರಗಡೆ ಹಸಿರುನೀಲಿ ಬಣ್ಣದ ಸಂಖ್ಯೆ ಕಂಡಿತು. ಇದೇನು ಎಂದೆ.

“ಅಲ್ಲಿ ನನಗ ಹೆಸರಿದ್ದಿಲ್ಲ. ಇದ ನನ್ನ ಹೆಸರು” ಅಂದಳು. ಅವಳ ಕನ್ನಡ ಸಿರುಗುಪ್ಪದ್ದೇ, ನಾಲಿಗೆ ಮಾತ್ರ ಬೇರೆ ಕಡೆಯದು.

ಅಂದು ಮಧ್ಯಾಹ್ನ ಒದ್ದೆ ಕೂದಲಲ್ಲಿ ಕೂತು ಎಲ್ಲ ಹೇಳಿದಳು. ದನ ಸಾಗಿಸುವ ರೈಲು ಡಬ್ಬಿ, ಮೂರು ದಿನ, ನೀರಿಲ್ಲ. ಆರು ವರ್ಷದ ತಮ್ಮ ನೀರು ನೀರು ಎಂದು ಒಂದೇ ಸಮನೆ ರಾಗ ತೆಗೆದಿದ್ದ. ಬಾಯಿ ಮುಚ್ಚು ಎಂದು ಗದರಿಸಿದಳಂತೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಎಲ್ಲರನ್ನೂ ಇಳಿಸಿ ಒಬ್ಬ ಅಧಿಕಾರಿ ಬೆರಳು ಆಡಿಸಿ ಕೆಲವರನ್ನು ಎಡಕ್ಕೆ, ಕೆಲವರನ್ನು ಬಲಕ್ಕೆ ಕಳಿಸಿದ. ಪಕ್ಕದಲ್ಲಿದ್ದ ಯಾರೋ ಪಿಸುಗುಟ್ಟಿದ್ದಕ್ಕೆ ಇವಳು ವಯಸ್ಸು ಹದಿನಾರು ಎಂದಳು, ಉಳಿದಳು. ತಾಯಿ ತಮ್ಮನ ಕೈ ಹಿಡಿದು ಆ ಕಡೆ ಹೋದಳು. ಸಂಜೆಯ ಹೊತ್ತಿಗೆ ಅವರು ಚಿಮಣಿಯ ಹೊಗೆ. ತಂದೆ, ಇಬ್ಬರು ಅಕ್ಕಂದಿರು ಆಮೇಲೆ. ತಮ್ಮನಿಗೆ ಅವಳು ಆಡಿದ ಕೊನೆಯ ಮಾತು ‘ಬಾಯಿ ಮುಚ್ಚು’.

ನನ್ನ ಅವ್ವ ಯಾಕೆ ನಮ್ಮನ್ನು ಎಂದೂ ರೈಲು ಹತ್ತಿಸಲಿಲ್ಲ ಎಂಬುದು ನನಗೆ ಆ ಹೊತ್ತು ತಿಳಿಯಿತು. ಅಜ್ಜಿ ಅವ್ವನನ್ನು ಹತ್ತಿಸಲಿಲ್ಲ, ಅವ್ವ ನಮ್ಮನ್ನು ಹತ್ತಿಸಲಿಲ್ಲ. ಕಾರಣ ಕೇಳಿದರೆ “ನಾವು ಬಸ್ಸಿನ ಮಂದಿ” ಎನ್ನುತ್ತಿದ್ದಳು. ಕಾರಣ ಅವಳಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಈಗ ಅದೂ ಖಾತ್ರಿಯಿಲ್ಲ, ಅವ್ವ ತೀರಿಕೊಂಡು ಎಂಟು ವರ್ಷವಾಯಿತು. ನನ್ನ ಮಗಳನ್ನು ಮೊದಲ ಸಲ ರೈಲಿಗೆ ಕೂರಿಸಿದಾಗ ನನಗೇ ಬೆವರು ಬಂದಿತ್ತು. ಎಲ್ಲಿಯೋ ಹಂಗೇರಿಯಲ್ಲಿ ಹತ್ತಿದ ರೈಲು ಬಳ್ಳಾರಿ ಸ್ಟೇಷನ್ನಿನವರೆಗೂ ಬಂದಿದೆ ನೋಡಿ.

“ಅವನ ಹೆಸರಿಂದ ನಿನ್ನ ಕರೀತಾರಲ್ಲ, ಸಿಟ್ಟ ಬರೂದಿಲ್ಲೇನು?” ಎಂದು ಕೇಳಿದೆ.

“ಬರತೈತಿ. ದಿನಾ ಬರತೈತಿ. ಆದ್ರ ಹೇಳಿದ್ರ ಏನಾಗತೈತಿ? ಇವತ್ತು ನನ್ನ ನೋಡಿ ಹೆದರ್ತಾರ, ಕೈ ತೊಳಕೋತಾರ. ನಾಳಿ ನನ್ನ ನೋಡಿ ಅಯ್ಯೋ ಪಾಪ ಅಂತಾರ. ಪಾಪ ಅಂದ ಮ್ಯಾಲ ಯಾರು ಕೈ ತೊಳಕೋತಾರ?”

ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ತಾನು ಸತ್ತ ಮೇಲೂ ಯಾರಿಗೂ ಹೇಳಬಾರದು ಎಂದು ಆಣೆ ಮಾಡಿಸಿದಳು. “ಹಂಗಾದ್ರ ನನಗ್ಯಾಕ ಹೇಳಿದಿ?” ಎಂದು ಅಳುತ್ತಾ ಕೇಳಿದೆ. “ಐದು ಹೆಸರು ಅದಾವು. ಒಬ್ಬರಿಗೆರ ಬಾಯಿಪಾಠ ಇರಬೇಕು” ಅಂದಳು. ತಂದೆ, ತಾಯಿ, ಇಬ್ಬರು ಅಕ್ಕಂದಿರು, ತಮ್ಮ. ಮಗ್ಗಿ ಹೇಳಿಸಿದಂತೆ ಹೇಳಿಸಿದಳು. ತಪ್ಪಿದರೆ ಮತ್ತೆ ಮೊದಲಿನಿಂದ. ಈಗಲೂ ಅಂಗಡಿ ಬಾಗಿಲು ತೆಗೆಯುವಾಗ ಒಂದು ಸಲ ಹೇಳಿಕೊಳ್ಳುತ್ತೇನೆ.

ಗಿರಣಿಯಿಂದ ಬಂದವಳು ಬಳ್ಳಾರಿಯಲ್ಲಿ ಮಾವನ ಮನೆಗೆ ಹೋದೆ. ಮಾವ ಅಂದರೆ ಅವ್ವನ ಅಣ್ಣ, ಅಜ್ಜಿಯ ಹಿರಿಯ ಮಗ, ಕಾಲುವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಆ ಹೆಸರು ಕಲ್ಲಿನ ಮೇಲೆ ಬರಕೂಡದು ಎಂದೆ. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

“ಊರ ಮಂದಿ ಪ್ರೀತಿಲೆ ಮಾಡಾಕ ಹತ್ಯಾರ. ನೀ ಯಾಕ ರಂಪ ಮಾಡ್ತಿ? ಹಾವೂ ಸಾಯಬಾರದು, ಕೋಲೂ ಮುರೀಬಾರದು. ಒಂದು ಕೆಲಸ ಮಾಡೋಣು. ಆ ಹೆಸರನ್ನ ಸಣ್ಣ ಅಕ್ಷರದಾಗ ಹಾಕಸೋಣು.”

ಸಣ್ಣ ಅಕ್ಷರ! ವಿಷವನ್ನು ಸಣ್ಣ ಲೋಟದಲ್ಲಿ ಕೊಟ್ಟರೆ ಆದೀತು ಎನ್ನುವ ಜಾಣತನ. ಹೆತ್ತ ಮಗ ಆಡುವ ಮಾತೇ ಇದು? ನಾನು ಏನೇನೋ ಅಂದೆ, ದೊಡ್ಡವರು ಎಂಬುದನ್ನೂ ಮರೆತು ಅಂದೆ. ಮಾವ ಪೇಪರು ಮಡಚಿ ಒಳಗೆ ಹೋದರು. ಕೋಣೆಯ ಬಾಗಿಲು ಹಾಕಿಕೊಂಡರು. ಸಿಟ್ಟಿಗೆ ಎಂದುಕೊಂಡೆ.

ಮುಂದಿನ ಎರಡು ವಾರ ನಾನು ಮನುಷ್ಯಳಾಗಿರಲಿಲ್ಲ. ಹೇಳಿದರೆ ಆಣೆ ಮುರಿಯುತ್ತದೆ. ಹೇಳದಿದ್ದರೆ ಅವಳ ತಾಯಿಯನ್ನೂ ತಮ್ಮನನ್ನೂ ಹೊಗೆ ಮಾಡಿದವನ ಹೆಸರು ಅವಳ ಎದೆಯ ಮೇಲೆ ಕೂರುತ್ತದೆ, ಮಳೆ ಬಿಸಿಲಿಗೆ ಅಳಿಯದ ಕಲ್ಲಿನಲ್ಲಿ. ಸುಡದ ಜನ ಎಂದು ಹುಡುಕಿಕೊಂಡು ಸಮುದ್ರ ದಾಟಿ ಬಂದವಳಿಗೆ ಕುರುಗೋಡಿನ ಮಣ್ಣಿನಲ್ಲಿಯೂ ಅವನಿಂದ ಬಿಡುಗಡೆಯಿಲ್ಲವೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡು ಬಾಯಿ ಬಿಗಿದುಕೊಂಡಿದ್ದೆ. ಯಾರೋ ಗಿರಾಕಿ ತಮ್ಮ ಮ್ಯಾನೇಜರನ್ನು ಆ ಹೆಸರಿನಿಂದ ಕರೆದು ನಕ್ಕಾಗ ಅವರ ಔಷಧಿ ಚೀಟಿಯನ್ನು ವಾಪಸು ಎಸೆದೆ. ಪಾಪ, ಆಮ್ಲಪಿತ್ತದ ಮಾತ್ರೆಗೆ ಬಂದ ಮನುಷ್ಯ.

ಕಲ್ಲು ಅರ್ಧ ಆಗಿದೆ, ಬಂದು ನೋಡಿ ಎಂದು ಸಾವ್ಕಾರರು ಫೋನು ಮಾಡಿದರು. ಕುರುಗೋಡಿನ ಗುಡ್ಡದ ಬುಡದಲ್ಲಿ ರಸ್ತೆ ಪಕ್ಕದ ತಗಡಿನ ಚಪ್ಪರ. ನಾನು ಹೋಗುವಷ್ಟರಲ್ಲಿ ಸಾವ್ಕಾರರೂ ಮಾವನೂ ಬಂದಿದ್ದರು. ಇನ್ನೊಬ್ಬರು ಕಲ್ಲಿನ ಮೇಲೆ ಕೂತಿದ್ದರು, ಅಜ್ಜಿಯ ಆಸ್ಪತ್ರೆಯ ಆಯಮ್ಮ. ಮೂವತ್ತು ವರ್ಷ ಅಜ್ಜಿಯ ಪಕ್ಕ ನಿಂತು ಹೆರಿಗೆ ಮಾಡಿಸಿದ ಮುಸ್ಲಿಮರ ಹೆಣ್ಣುಮಗಳು. ಈಗ ಸಿರಿಗೇರಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಹಳೆಯ ಆಸ್ಪತ್ರೆಯವರು ಎಂದು ಉಳಿದವಳು ಅವಳೊಬ್ಬಳೇ, ಅದಕ್ಕೇ ಸಾವ್ಕಾರರು ಕಾರಿನಲ್ಲಿ ಕರೆತಂದಿದ್ದರು. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಇಟ್ಟುಕೊಂಡಿದ್ದಳು.

ನುಣುಪಾದ ಕರಿಕಲ್ಲು. ಆ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು, ಮೊದಲ ಅಕ್ಷರಕ್ಕೆ ಆಗಲೇ ಉಳಿ ಬಿದ್ದಿತ್ತು.

“ನಿಲ್ಲಸ್ರಿ” ಎಂದೆ. ಕೆತ್ತುವವನು ಸಾವ್ಕಾರರ ಮುಖ ನೋಡಿದ.

“ಮೇಡಂ, ಈ ಹೆಸರಿಲ್ಲಾಂದ್ರ ಯಾರ ಸಮಾಧಿ ಅಂತ ಒಬ್ಬರಿಗೂ ಗುರ್ತ ಹತ್ತಂಗಿಲ್ರಿ” ಎಂದರು ಸಾವ್ಕಾರರು, ಬಹಳ ಮೃದುವಾಗಿ. “ಮತ್ತ ಆ ಮನಷ್ಯಾ ಏನ ಇರಲಿ, ಶಿಸ್ತಿನ ಮನಷ್ಯಾ. ಹಂತಾವ್ರು ನಮ್ಮ ದೇಶಕ್ಕೂ ಒಬ್ಬರು ಬೇಕಿತ್ತು ನೋಡ್ರಿ.”

ಆಣೆ ಅಲ್ಲಿಗೆ ಮುರಿಯಿತು. ಮುರಿದೆ ಎಂಬ ಪಶ್ಚಾತ್ತಾಪ ಆಗಲೂ ಇರಲಿಲ್ಲ, ಈಗಲೂ ಇಲ್ಲ. ರೈಲು ಡಬ್ಬಿ, ಬೆರಳು, ಚಿಮಣಿ, ಎಲ್ಲ ಹೇಳಿದೆ. ಉಸಿರು ತೆಗೆದುಕೊಳ್ಳದೆ ಹೇಳಿದೆ. ‘ನಿಮ್ಮನ್ನು ಕಾಲು ಹಿಡಿದು ಈ ಲೋಕಕ್ಕೆ ಎಳೆದ ಕೈಯ ಮೇಲೆ ಅವನ ಮಂದಿ ದನಕ್ಕೆ ಬರೆ ಹಾಕಿದ ಹಾಗೆ ನಂಬರು ಚುಚ್ಚಿದ್ದರು’ ಎಂದೆ. ಉಳಿಯ ಸದ್ದು ನಿಂತಿತ್ತು.

ಸಾವ್ಕಾರರ ಬಾಯಿಂದ ಬಂದ ಮಾತು ಇದು: “ಅದೆಲ್ಲ... ಖರೇನರಿ? ವಾಟ್ಸಾಪಿನ್ಯಾಗ ಯಾರೋ ಅದು ಸುಳ್ಳಂತ...”

ಕೈಗೆ ಸಿಕ್ಕ ಸುತ್ತಿಗೆಯನ್ನು ನಾನು ಎತ್ತಿಕೊಂಡೆನಂತೆ. ನನಗೆ ನೆನಪಿಲ್ಲ. ಮಾವ ನನ್ನ ತೋಳು ಹಿಡಿದರು.

“ಖರೆ ಐತ್ರಿ ಸಾವ್ಕಾರ್ರೆ. ನನಗೂ ಹೇಳ್ಯಾಳ.”

ತಿರುಗಿ ನೋಡಿದೆ. ಮಾವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ನಾ ಇಪ್ಪತ್ತು ವರ್ಷದವ ಇದ್ದಾಗ ಹೇಳಿದ್ಲು. ಕೈ ತಲಿ ಮ್ಯಾಲ ಇಡಿಸಿಕೊಂಡು ಆಣಿ ಮಾಡಿಸಿದ್ಲು. ನನಗೊಬ್ಬಗ ಹೇಳ್ಯಾಳ ಅಂದ್ಕೊಂಡು ಇಷ್ಟು ವರ್ಷ ಇದ್ದೆ.”

ಗೊತ್ತಿದ್ದೂ! ಗೊತ್ತಿದ್ದೂ ಸಣ್ಣ ಅಕ್ಷರ ಅಂದಿರಾ ಎಂದು ಕೂಗಿದೆ. ಆಣಿ ಇತ್ತಲ್ಲವ್ವಾ ಎಂದು ಮಾವ ಕೂಸಿನ ಹಾಗೆ ನಿಂತರು. ಒಂದೇ ಊರಿನಲ್ಲಿ ಎರಡು ಬೀದಿ ಆಚೀಚೆ ಇದ್ದುಕೊಂಡು, ಹಬ್ಬ ಹುಣ್ಣಿಮೆಗೆ ಒಂದೇ ಪಂಕ್ತಿಯಲ್ಲಿ ಉಂಡು, ಇಬ್ಬರೂ ಒಂದೇ ಕಲ್ಲನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ತಿರುಗಿದ್ದೆವು. ಅಜ್ಜಿಯ ಮೇಲೂ ಸಿಟ್ಟು ಬಂತು. ನಮ್ಮನ್ನು ಹೀಗೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕುವ ಹಕ್ಕು ಅವಳಿಗೆ ಯಾರು ಕೊಟ್ಟರು? ಈ ಮಾತು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ.

ಆಗ ಆಯಮ್ಮ ಮಾತಾಡಿದಳು. “ಆ ನಂಬರ ನಾ ದಿನಾ ನೋಡೀನಿ ಬೇಟಿ. ಹೆರಗಿಗಿ ಕೈ ತೊಳಿಬೇಕಾದ್ರ ತೋಳು ಏರಸ್ತಿದ್ಲಲ್ಲ. ನಾ ಹಚ್ಚಿ ಅಂದ್ಕೊಂಡಿದ್ದೆ. ಯಾವ ದೇವರ ಹಚ್ಚಿ ಅಮ್ಮಾ ಅಂತ ಒಮ್ಮಿ ಕೇಳ್ದೆ. ದೇವರಿಲ್ಲದ ಊರಿಂದು ಅಂದ್ಲು. ಮತ್ತ ಕೇಳಲಿಲ್ಲ.”

ಹೇಳುತ್ತಾ ತೊಡೆಯ ಮೇಲಿನ ಗಂಟು ಬಿಚ್ಚಿದಳು. ಒಳಗೆ ಆಸ್ಪತ್ರೆಯ ಹೆರಿಗೆ ರಿಜಿಸ್ಟರು. ಆಸ್ಪತ್ರೆ ಮುಚ್ಚಿದಾಗ ಎಲ್ಲವೂ ರದ್ದಿಗೆ ಹೋಗಿತ್ತು. ತನ್ನ ಮಗ ಹುಟ್ಟಿದ್ದು ಇದರಲ್ಲಿದೆ ಎಂದು ಇದೊಂದನ್ನು ಅವಳು ಸೆರಗಿನಲ್ಲಿ ಮುಚ್ಚಿ ಮನೆಗೆ ಒಯ್ದಿದ್ದಳಂತೆ. ಓದಲು ಬಾರದವಳು. ಸಮಾಧಿಯ ಹತ್ತಿರ ಅಮ್ಮನ ಕೈಬರಹ ಇರಲಿ ಎಂದು ತಂದಿದ್ದಳು. “ನನ್ನ ಮಗ ಹುಟ್ಟಿದ ವಾರದಾಗ ಈ ಸಾವ್ಕಾರ್ರೂ ಹುಟ್ಯಾರ. ಇವರವ್ವ ನಾನು ಬಾಜೂ ಬಾಜೂ ಮಂಚ” ಎಂದಳು.

ಸಾವ್ಕಾರರು ತಪ್ಪಿಸಿಕೊಳ್ಳಲು ಒಂದು ದಾರಿ ಸಿಕ್ಕಿದವರ ಹಾಗೆ ನಗಲು ನೋಡಿದರು. “ಹೌದ್ರಿ, ನಮ್ಮವ್ವ ಹೇಳ್ತಿದ್ಲು. ತೊಟ್ಟಲಕ್ಕ ಹಾಕೋಮಟ ನನಗ ದೊರಸಾನಮ್ಮ ಏನೋ ಇಂಗ್ಲಿಷ್ ಹೆಸರು ಬರದಿದ್ಲಂತ. ಬಾಯಾಗ ತಿರಗವಲ್ದು ಅಂತ ಎಲ್ಲಾರೂ ನಗ್ತಿದ್ರಂತ.”

ಪುಟ ತಿರುಗಿಸಿದೆ. ದುಂಡಗಿನ, ಒಂದೊಂದೇ ಬಿಡಿಸಿಟ್ಟ ಕನ್ನಡ ಅಕ್ಷರ. ತಾಯಿಯ ಹೆಸರು, ಊರು, ಕೂಸಿನ ತೂಕ. ‘ಕೂಸಿನ ಹೆಸರು’ ಎಂಬ ಕಾಲಮ್ಮಿನಲ್ಲಿ ಒಂದು ಕಡೆ ಅಜ್ಜಿಯ ದೊಡ್ಡಕ್ಕನ ಹೆಸರು. ಅದು ಯಾರೋ ತೆಕ್ಕಲಕೋಟೆಯವರ ಕೂಸು. ಕೆಳಗೆ ಅವಳ ತಂದೆಯ ಹೆಸರು, ಆಯಮ್ಮನ ಮಗನ ಎದುರಿಗೆ. ನನ್ನ ಕಣ್ಣು ಮಂಜಾಯಿತು. ಎರಡು ಸಾಲು ಕೆಳಗೆ ಗಿರಣಿ ಸಾವ್ಕಾರರ ತಾಯಿಯ ಹೆಸರಿತ್ತು. ಗಂಡು ಕೂಸು, ಕಾಲು ಮುಂದೆ, ಕೂಡಲೇ ಅತ್ತಿತು ಎಂದು ಬರೆದಿತ್ತು. ‘ಕೂಡಲೇ ಅತ್ತಿತು’ ಎಂಬುದರ ಕೆಳಗೆ ಗೆರೆ ಎಳೆದಿದ್ದಳು. ಪಕ್ಕದಲ್ಲಿ ಐದನೆಯ ಹೆಸರು.

ಅದನ್ನು ಗಟ್ಟಿಯಾಗಿ ಓದಿದೆ. ಮಾವ “ಅಯ್ಯೋ” ಎಂದು ಕಲ್ಲಿನ ಮೇಲೆ ಕುಸಿದರು. ಅವರಿಗೂ ಮಗ್ಗಿ ಬಾಯಿಪಾಠ ಇತ್ತು.

“ಇದು ಇಂಗ್ಲಿಷ್ ಹೆಸರಲ್ಲ ಸಾವ್ಕಾರ್ರೆ” ಎಂದೆ. “ಆರು ವರ್ಷದ ಆ ತಮ್ಮನ ಹೆಸರು. ನೀರು ಕೇಳಿದವನು. ಹದಿಮೂರು ದಿನ ನೀವು ಅವನ ಹೆಸರಿನಾಗ ಇದ್ರಿ. ನೀವು ಅವನನ್ನ ಕೊಂದವನ ಹೆಸರು ಅಕಿ ಎದಿ ಮ್ಯಾಲ ಇಡಾಕ ಬಂದೀರಿ.”

ಸಾವ್ಕಾರರು ರಿಜಿಸ್ಟರನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಆ ಸಾಲಿನ ಮೇಲೆ ಬೆರಳು ಇಟ್ಟುಕೊಂಡಿದ್ದರು. ಆಮೇಲೆ ಚಪ್ಪರದ ಮೂಲೆಯಲ್ಲಿದ್ದ ಬಕೆಟ್ಟಿನಿಂದ ನೀರು ತಂದು ತಮ್ಮ ಕೈಯಿಂದಲೇ ಸೀಮೆಸುಣ್ಣ ಒರೆಸಿದರು. ಉಳಿ ಬಿದ್ದ ಅಕ್ಷರ ಹೋಗಲಿಲ್ಲ. ಬೇರೆ ಕಲ್ಲು ತೆಗೆ ಎಂದರು ಕೆತ್ತುವವನಿಗೆ. ಸಂಜೆಗೆ ಸಿರುಗುಪ್ಪದ ಫ್ಲೆಕ್ಸೂ ಇಳಿಯಿತು ಎಂದು ಆಮೇಲೆ ತಿಳಿಯಿತು.

ಹೊಸ ಕಲ್ಲಿನಲ್ಲಿ ಅವಳ ತಾಯಿ ಇಟ್ಟ ಹೆಸರಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಐದು ಹೆಸರು. ಸಣ್ಣ ಅಕ್ಷರದ ಆಸೆ ಮಾವನಿಗೆ ಹೀಗೆ ಈಡೇರಿತು ಎಂದು ನಾನು ಚುಚ್ಚಿದೆ, ಅವರು ಚುಚ್ಚಿಸಿಕೊಂಡರು. ಆ ಐದು ಜನಕ್ಕೆ ಇಡೀ ಭೂಮಿಯ ಮೇಲೆ ಬೇರೆಲ್ಲೂ ಕುಣಿಯಿಲ್ಲ, ಕಲ್ಲಿಲ್ಲ. ಕುರುಗೋಡಿನ ಹೊಲದಲ್ಲಿ ಇದೆ.

ನನ್ನ ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬಾರದು. ಬ್ರೂಸ್‌ಪೇಟೆಯಲ್ಲಿ ಆ ಪುಸ್ತಕ ಇನ್ನೂ ಅಲ್ಲೇ ಇದೆ. ಸಿರುಗುಪ್ಪದಲ್ಲಿ ಆ ಅಡ್ಡಹೆಸರು ಈಗ ಹೊಸದಾಗಿ ಬಂದ ಒಬ್ಬ ಅಧಿಕಾರಿಗೆ ಹೋಗಿದೆಯಂತೆ, ಅವನಿಗೆ ಅದು ಬಹಳ ಇಷ್ಟವಂತೆ. ಅಜ್ಜಿಯನ್ನೂ ಜನ ಮರೆತಿಲ್ಲ, ಆ ಹೆಸರಿನಿಂದಲೇ ನೆನೆಯುತ್ತಾರೆ. ಒಂದು ಕಲ್ಲು ಬದಲಾದರೆ ಊರಿನ ನಾಲಿಗೆ ಬದಲಾಗುವುದಿಲ್ಲ.

ಕಲ್ಲು ನಿಲ್ಲಿಸಿದ ದಿನ ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸೊಬ್ಬಳು ಬದುವಿನವರೆಗೆ ಬಂದು ನೋಡಿದಳು. ಓದಲು ಪ್ರಯತ್ನಿಸಿ ಸೋತು, “ಯಾರದ್ರೀ ಸಮಾಧಿ?” ಎಂದು ಸಾವ್ಕಾರರನ್ನು ಕೇಳಿದಳು. ಅವರ ಬಾಯಿ ಅಭ್ಯಾಸಬಲದಿಂದ ಆ ಹೆಸರಿಗೇ ತೆರೆಯಿತು. ಮೊದಲ ಅಕ್ಷರದ ಗಾಳಿ ಹೊರಟದ್ದು ನನಗೆ ಕೇಳಿಸಿತು. ನಾನು ಮುಷ್ಟಿ ಬಿಗಿದೆ. ಅವರು ಬಾಯಿ ಮುಚ್ಚಿಕೊಂಡು, ಕಲ್ಲಿನ ಕೊನೆಯ ಸಾಲನ್ನು ನೋಡಿ, ನಿಧಾನಕ್ಕೆ ಹೇಳಿದರು:

“ನನಗ ಮೊದಲನೇ ಹೆಸರು ಇಟ್ಟಾಕಿದು ಯವ್ವಾ. ತನ್ನ ತಮ್ಮನ ಹೆಸರು.”